ಘಟ್ಟದ ಕಾಡು, ಎರಡು ವರದಿಗಳು, ಎಲ್ಲೆಯ ಮಾತು

ಪಶ್ಚಿಮಘಟ್ಟದ ಮಳೆಗಾಡುಗಳನ್ನು ಕುರಿತು ಭಾರತ ಸರ್ಕಾರಕ್ಕೆ ಸಲ್ಲಿಸಲ್ಪಟ್ಟ ಎರಡು ವರದಿಗಳು ಇಂಥ ಪತ್ರಿಕೆಯ ವಿಮರ್ಶೆಗೆ ತಕ್ಕ ವಸ್ತುವಾಗಬಲ್ಲುವೆ ಎಂದು ಕೆಲವರು ಸಂದೇಹಪಡಬಹುದು. ಮೊದಲನೆಯದು, ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ಪರಿಸರ ತಜ್ಞರ ಮಂಡಲಿಯು ೨೦೧೧ನೆಯ ಇಸವಿ ಆಗಸ್ಟ್ ೩೧ರಂದು ಒಪ್ಪಿಸಿದುದು, ಎರಡನೆಯದು, ಕೆ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯ ಉನ್ನತಮಟ್ಟದ ಕಾರ್ಯಸಮಿತಿಯು ೨೦೧೩ರ ಏಪ್ರಿಲಿನಲ್ಲಿ ಒಪ್ಪಿಸಿದುದು. ಇವು ಕಾವ್ಯಗಳಲ್ಲ; ಶುದ್ಧ ಶಾಸ್ತ್ರಗ್ರಂಥಗಳೆಂದು ಹೇಳುವುದಕ್ಕೂ ಬರುವಂತಿಲ್ಲ. ಆದರೆ ಒಂದು ಗ್ರಂಥವು ಯಾವ ಮಾತಿನಲ್ಲಿ ನುಡಿಯುತ್ತದೆ, ಯಾರನ್ನುದ್ದೇಶಿಸಿ ನುಡಿಯುತ್ತದೆ, ಅದರ ಕರ್ತೃ ಎಲ್ಲಿ ನಿಂತು ಲೋಕವನ್ನು ನೋಡುತ್ತಾನೆ ಎಂಬುದನ್ನು ವಿಚಾರಿಸುವುದು ವಿಮರ್ಶಕನ ನಿತ್ಯದ ಕೆಲಸ. ಲಕ್ಷಾಂತರ ಜನರ ಮನೆ, ಗದ್ದೆ, ತೋಟಗಳ ಮೇಲೆ ಪರಿಣಾಮ ಮಾಡಬಲ್ಲ ಗ್ರಂಥಗಳನ್ನು ಮಾತ್ರ ಈ ವಿಚಾರಣೆಯಿಂದ ಹೊರಗಿಡುವುದಕ್ಕೆ ಕಾರಣ ಕಾಣದು. ಇವುಗಳ ಮೇಲೆ ಈವರೆಗೆ ನಡೆದಿರುವ ಚರ್ಚೆಯು ಬಹುಮಟ್ಟಿಗೆ ಬೇಕು, ಬೇಡ ಎಂಬ ಎರಡು ಶಬ್ದಗಳಲ್ಲಿಯೇ ಮುಗಿದುಹೋಗಿದೆ. ಮಳೆಗಾಡಿನ ಸೀಮೆಯಲ್ಲಿ ಜನರ ಏಳಿಗೆಯೂ ಕಾಡಿನ ಉಳಿವೂ ಒಟ್ಟಿಗೆ ನಡೆಯಬೇಕಾದರೆ ಅಲ್ಲಿ ವಿಜ್ಞಾನಕ್ಕೆ ಸಲ್ಲುವ ಪೀಠ ಸಾಕ್ಷಿಯದೋ ತೀರ್ಪುಗಾರನದೋ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಮೊದಲು ಹೆಸರನ್ನೇ ನೋಡೋಣ. ‘ಸುಸ್ಥಿರ ಅಭಿವೃದ್ಧಿ’ ಎಂಬ ಜೋಡುಮಾತು ನಮಗೆ ಇಂಗ್ಲಿಷಿನ ಮೂಲಕ ಬಂದುದು. ನಾರ್ವೆ ದೇಶದ ಬ್ರುಂಟ್ಲಂಡ್ ಎಂಬ ಮಹಿಳೆಯ ಅಧ್ಯಕ್ಷತೆಯಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು ೧೯೮೭ರಲ್ಲಿ ಪ್ರಕಟಿಸಿದ ವರದಿಯಿಂದ ಅದು ಲೋಕಪ್ರಸಿದ್ಧವಾಯಿತು. ಮುಂದಿನವರ ಅಗತ್ಯಗಳಿಗೆ ಕುಂದು ಬಾರದಂತೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳಬೇಕೆಂಬುದು ಅದರ ತಾತ್ಪರ್ಯ. ಶಾಸನಗಳನ್ನು ಓದಿದವರಿಗೆ ಈ ಎರಡು ಭಾವಗಳ ಸಹವಾಸ ಹೊಸದಾಗಿ ತೋರದು. ರಾಜ್ಯವು ಉತ್ತರೋತ್ತರವಾಗಿ ಅಭಿವೃದ್ಧಿ ಹೊಂದುತ್ತ ಆಚಂದ್ರಾರ್ಕವಾಗಿ ಸಲ್ಲುತ್ತಿರಲಿ ಎಂಬ ಒಕ್ಕಣೆ ಚಾಲುಕ್ಯ, ಹೊಯ್ಸಳ ಶಾಸನಗಳಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಶೋಧಕರು ಅದನ್ನು ಓದದೆಯೇ ಮುಂದಿನ ಪಂಕ್ತಿಗೆ ಹೋಗುವರು. ಅಲ್ಲಿ ಬೆಳೆಯಬೇಕಾದುದು ಅರಸನ ಆಳಿಕೆ. ಕಾಡಿನ ಯೋಚನೆ ಅಲ್ಲಿಲ್ಲ. ಆದರೆ ಅವೇ ಶಾಸನಗಳಲ್ಲಿ ದತ್ತಿಯ ಭೂಮಿಯ ಎಲ್ಲೆಯನ್ನು ಹೇಳುವ ಭಾಗ ಬಂದೊಡನೆ ಮಾತಿನ ರೀತಿ ಬದಲಾಗುವುದು. ಮೂಡಲು ಹುಣಸೆಯ ಮರ, ತೆಂಕಲು ಹಳ್ಳ, ಪಡುವಲು ನಟ್ಟ ಕಲ್ಲು, ಬಡಗಲು ಹುತ್ತ ಎಂಬಂತೆ, ಊರವನು ನಡೆದುಹೋಗಿ ಕೈಯಿಟ್ಟು ತೋರಿಸಬಲ್ಲ ವಸ್ತುಗಳು ಕಾಣಿಸಿಕೊಳ್ಳುವುವು. ಪ್ರಶಸ್ತಿಯು ಸಂಸ್ಕೃತದಲ್ಲಿದ್ದರೂ ಎಲ್ಲೆಯ ಮಾತು ಕನ್ನಡದಲ್ಲಿರುವ ಶಾಸನಗಳು ನಮ್ಮಲ್ಲಿ ಬೇಕಾದಷ್ಟುಂಟು. ಇದು ಲಿಪಿಕಾರರ ಅನುಭವದಿಂದ ಬಂದ ವಿವೇಕ. ಹೊಗಳಿಕೆ ಯಾರಿಗೆ ಅರ್ಥವಾಗದಿದ್ದರೂ ಹಾನಿಯಿಲ್ಲ; ಎಲ್ಲೆ ಅರ್ಥವಾಗದಿದ್ದರೆ ಮಾರನೆಯ ದಿನವೇ ವ್ಯಾಜ್ಯ.

ನಮ್ಮ ಎರಡು ವರದಿಗಳೂ ಮುಖ್ಯವಾಗಿ ಎಲ್ಲೆಯನ್ನು ಗೊತ್ತುಪಡಿಸುವ ಲೇಖಗಳು. ಆದಕಾರಣ ಈ ಹಳೆಯ ವಿವೇಕದಿಂದ ಅವನ್ನು ಅಳೆಯುವುದು ಅನುಚಿತವಾಗಲಾರದು.

ಗಾಡ್ಗೀಳರ ವರದಿಯಲ್ಲಿ ಮೆಚ್ಚತಕ್ಕ ಅಂಶಗಳು ಹಲವು. ಮಂಡಲಿಯವರು ತಾವು ಹಿಡಿದ ಕ್ರಮವನ್ನು ಮುಚ್ಚಿಡಲಿಲ್ಲ. ಘಟ್ಟಪ್ರದೇಶವೆಂದು ಗಣಿಸಿದ ೧,೨೯,೦೩೭ ಚದರ ಕಿಲೋಮೀಟರುಗಳ ಮೇಲೆ ಅಕ್ಷಾಂಶ ರೇಖಾಂಶಗಳ ಐದೈದು ನಿಮಿಷಕ್ಕೆ ಗೆರೆಗಳನ್ನೆಳೆದು, ಸುಮಾರು ಒಂಬತ್ತು ಕಿಲೋಮೀಟರು ಉದ್ದಗಲದ ಚೌಕಗಳನ್ನು ಮಾಡಿದರು. ಅಂಥವು ಸುಮಾರು ೨,೨೦೦ ಆದುವು. ಈ ಘಟ್ಟದಲ್ಲಲ್ಲದೆ ಬೇರೆಲ್ಲಿಯೂ ಬೆಳೆಯದ ಗಿಡಮರಗಳು, ಅಳಿವಿನ ಅಂಚಿಗೆ ಬಂದ ಸ್ತನಿಗಳು, ನಿತ್ಯಹರಿದ್ವರ್ಣದ ಕಾಡು, ಹೊಳೆಯಂಚಿನ ಕಾಡು, ನೆಲದ ಎತ್ತರ, ಅದರ ಇಳಿಜಾರು ಮೊದಲಾದುವುಗಳಿಗೆ ಅಂಕಗಳನ್ನಿಟ್ಟು ಒಂದೊಂದು ಚೌಕದ ಮೌಲ್ಯವನ್ನು ಕಟ್ಟಿದರು. ಸಾಮಗ್ರಿ ಸಾಲದ ಕಡೆ ಸಾಲದೆಂದು ಹೇಳಿದರು. ಲೆಕ್ಕ ತಪ್ಪೆಂದು ತೋರಿದವನು ಲೆಕ್ಕವನ್ನು ಮತ್ತೆ ಹಾಕಿ ನೋಡಬಹುದಾದ ಪ್ರಾಮಾಣಿಕತೆ ಸರ್ಕಾರಿ ಬರೆಹಗಳಲ್ಲಿ ಸುಲಭವಾಗಿ ಸಿಕ್ಕುವುದಲ್ಲ. ಘಟ್ಟವೆಲ್ಲವೂ ಸೂಕ್ಷ್ಮ ಪ್ರದೇಶವೇ ಎಂದು ನಿರ್ಣಯಿಸಿ, ಸೂಕ್ಷ್ಮತೆಯ ತಾರತಮ್ಯದಿಂದ ೧೪೨ ತಾಲ್ಲೂಕುಗಳನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಕುಮಾರಧಾರೆಯ ಕಣಿವೆಯ ಗುಂಡ್ಯ ಜಲವಿದ್ಯುತ್ ಯೋಜನೆಗೂ ಕೇರಳದ ಅತಿರಪಿಳ್ಳಿ ಯೋಜನೆಗೂ ಅನುಮತಿ ಕೊಡಲಾಗದೆಂದರು. ಎಲ್ಲಕ್ಕಿಂತ ಮುಖ್ಯವಾಗಿ, ಈ ವಲಯಗಳು ತಾತ್ಕಾಲಿಕವೆಂದೂ, ಗ್ರಾಮಸಭೆಗಳಿಂದ ಮೊದಲಾಗಿ ಮೇಲಕ್ಕೆ ಸಾಗುವ ವಿಚಾರವಿನಿಮಯದಿಂದಲೇ ಅವು ಸ್ಥಿರಪಡಬೇಕೆಂದೂ ಬರೆದರು.

ಇಷ್ಟನ್ನು ಓದಿ ಸಂತೋಷಪಟ್ಟ ವಾಚಕನು ಪುಟಗಳನ್ನು ತಿರುಗಿಸಿ ಕೋಷ್ಟಕಕ್ಕೆ ಬರುವನು. ಅಲ್ಲಿ ಬೇರೊಬ್ಬನ ಕಂಠ ಕೇಳಿಸುವುದು. ಮೊದಲನೆಯ ವಲಯದಲ್ಲಿ ರಾಸಾಯನಿಕ ಕೀಟನಾಶಕವು ಐದು ವರ್ಷಗಳಲ್ಲಿ ನಿಲ್ಲತಕ್ಕದ್ದು, ಎರಡನೆಯದರಲ್ಲಿ ಎಂಟು, ಮೂರನೆಯದರಲ್ಲಿ ಹತ್ತು. ಅಂಗಡಿಗಳ ಪ್ಲಾಸ್ಟಿಕ್ ಚೀಲ ಮೂರು ವರ್ಷಗಳೊಳಗೆ ಹೋಗತಕ್ಕದ್ದು. ಹೊಸ ಗಿರಿಧಾಮ ಕೂಡದು. ಇವುಗಳಲ್ಲಿ ಬಹುಪಾಲು ನನಗೂ ಸಮ್ಮತವೇ. ಆದರೆ ಸಮ್ಮತಿಯ ಪ್ರಶ್ನೆ ಇಲ್ಲಿಲ್ಲ. ಗ್ರಾಮಸಭೆಯು ಯೋಚಿಸಿ ಹೇಳಲಿ ಎಂದ ಲೇಖನಿಯೇ, ಗ್ರಾಮಸಭೆ ಸೇರುವ ಮೊದಲೇ, ಅದು ಹೇಳಬೇಕಾದುದನ್ನು ಸಾಲುಸಾಲಾಗಿ ಬರೆದಿಟ್ಟಿತು. ಪ್ರಬಂಧದ ಭಾಗದಲ್ಲಿ ಸಾಕ್ಷಿಯಾಗಿದ್ದ ವಿಜ್ಞಾನ ಕೋಷ್ಟಕದಲ್ಲಿ ತೀರ್ಪುಗಾರನ ಪೀಠವನ್ನೇರಿತು. ಜನರ ಕಿವಿಗೆ ಮುಟ್ಟಿದುದಾದರೂ ಕೋಷ್ಟಕವೇ. ಇಂಗ್ಲಿಷಿನಲ್ಲಿರುವ ದೀರ್ಘಪ್ರಬಂಧವು ಊರಿಗೆ ಬರಲು ಅನುವಾದ ಬೇಕು. ‘ಕೂಡದು’ ಎಂಬ ಮಾತು ಬರುವುದಕ್ಕೆ ಗಾಳಿ ಸಾಕು. ವರದಿಯು ಒಪ್ಪಿಸಲ್ಪಟ್ಟು ಬಹಿರಂಗವಾಗುವ ಹೊತ್ತಿಗೆ ೨೦೧೨ರ ಮೇ ತಿಂಗಳಾಗಿತ್ತೆಂಬುದನ್ನೂ, ಅದೂ ಮಾಹಿತಿಹಕ್ಕಿನ ವ್ಯಾಜ್ಯದಿಂದ ಆಯಿತೆಂಬುದನ್ನೂ ಮರೆಯಲಾಗದು. ಆ ಎಂಟೊಂಬತ್ತು ತಿಂಗಳ ಮೌನದ ಹೊಣೆ ಮಂಡಲಿಯದಲ್ಲ. ಆದರೆ ಊರಿನ ನುಡಿಯಲ್ಲಿ ಬರೆದ ಗ್ರಂಥವನ್ನು ಹಾಗೆ ಬಚ್ಚಿಡುವುದು ಅಷ್ಟು ಸುಲಭವಾಗುತ್ತಿರಲಿಲ್ಲ.

ವಿಶೇಷವೇನೆಂದರೆ, ಸಾಕ್ಷಿಯ ಪೀಠದಲ್ಲಿ ಕುಳಿತ ವಿಜ್ಞಾನ ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಅತ್ಯುತ್ತಮ ನಿದರ್ಶನವನ್ನು ಕೊಟ್ಟವರು ಗಾಡ್ಗೀಳರೇ. ೧೯೭೦ರ ದಶಕದಲ್ಲಿ ಕರ್ನಾಟಕದ ಮೇದಾರರು ಬುಟ್ಟಿ ಹೆಣೆಯುವುದಕ್ಕೆ ಬಿದಿರು ಸಿಕ್ಕದೆಂದು ದೂರಿಕೊಂಡರು. ಕಾಗದದ ಕಾರ್ಖಾನೆಗಳು ಕಾಡಿನ ಬಿದಿರನ್ನು ಮುಗಿಸುತ್ತಿರುವುವೆಂಬುದು ಅವರ ಆಪಾದನೆ. ಊರವರ ಕತ್ತಿಯೂ ದನಗಳ ಬಾಯಿಯೂ ಬಿದಿರನ್ನು ಹಾಳುಮಾಡಿದುವೆಂಬುದು ಎದುರುವಾದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಗಾಡ್ಗೀಳರೂ ಅವರ ಸಹೋದ್ಯೋಗಿ ನರೇಂದ್ರ ಪ್ರಸಾದರೂ ಕಾಡಿಗೆ ಹೋಗಿ ಮೆಳೆಮೆಳೆಗಳನ್ನು ವರ್ಷಗಟ್ಟಲೆ ಲೆಕ್ಕವಿಟ್ಟು ನೋಡಿದರು. ಆಗ ಹೊರಬಿದ್ದ ಸಂಗತಿ ಇದು. ಬಿದಿರುಮೆಳೆಯ ಬುಡಕ್ಕೆ ಸುತ್ತಿಕೊಂಡಿರುವ ಮುಳ್ಳಿನ ಹೊದಿಕೆಯನ್ನು ಸವರಿ ಚೊಕ್ಕಟ ಮಾಡಿದರೆ ಕಳಲೆ ಚೆನ್ನಾಗಿ ಏಳುವುದೆಂದು ಅರಣ್ಯಶಾಸ್ತ್ರದ ನಿಯಮ ಹೇಳುತ್ತಿತ್ತು, ಅದರಂತೆ ಸವರುತ್ತಿದ್ದರು. ಊರವರಾದರೋ ಹಾಗೆ ಸವರಿದರೆ ಕಳಲೆ ಉಳಿಯದೆನ್ನುತ್ತಿದ್ದರು. ಎಣಿಸಿ ನೋಡಲಾಗಿ ಊರವರ ಮಾತೇ ನಿಜವಾಯಿತು. ಮುಳ್ಳು ಕಳಲೆಗೆ ಅಡ್ಡಿಯಾಗಿರಲಿಲ್ಲ, ಬೇಲಿಯಾಗಿತ್ತು. ಬೇಲಿ ಹೋದಮೇಲೆ ದನ, ಮುಸುವ, ಮುಳ್ಳುಹಂದಿಗಳಿಗೆ ಎಳೆಯ ಕಳಲೆ ಸಲೀಸಾಗಿ ದೊರೆಯಿತು. ದನಗಳು ಮೇದುವೆಂಬುದು ಸುಳ್ಳಲ್ಲ. ಮೇಯಲು ದಾರಿಮಾಡಿಕೊಟ್ಟವರು ಯಾರೆಂಬುದು ಮಾತ್ರ ಅದುವರೆಗೆ ಲೆಕ್ಕಕ್ಕೆ ಬಂದಿರಲಿಲ್ಲ.

ಈ ಪ್ರಸಂಗವನ್ನು ಜನಪದಜ್ಞಾನದ ವಿಜಯವೆಂದು ಹಾಡಿಹೊಗಳುವುದು ಇತ್ತೀಚಿನ ರೂಢಿ. ನನಗೆ ಅದು ಅರ್ಧಸತ್ಯವಾಗಿ ತೋರುವುದು. ಊರವರು ಹೇಳುತ್ತಲೇ ಇದ್ದರು. ಹೇಳಿದುದರಿಂದ ಏನೂ ಆಗಲಿಲ್ಲ. ಎಣಿಸಿದವರು ಬಂದ ಮೇಲೆ, ಮೆಳೆಯೊಂದಕ್ಕೆ ಎಷ್ಟು ಕಳಲೆ ಎದ್ದಿತು, ಎಷ್ಟು ಉಳಿಯಿತು ಎಂದು ಅಂಕಿಗಳಲ್ಲಿ ಬರೆದ ಮೇಲೆ, ಶಾಸ್ತ್ರವು ಶಾಸ್ತ್ರದ ಮಾತಿನಲ್ಲಿಯೇ ಉತ್ತರ ಹೇಳಬೇಕಾಯಿತು. ಊರಿನ ನೋಟಕ್ಕೆ ನ್ಯಾಯಸ್ಥಾನದಲ್ಲಿ ನಿಲ್ಲುವ ಬಲವನ್ನು ಕೊಟ್ಟುದು ವಿಜ್ಞಾನ. ಎಲ್ಲಿ ನೋಡಬೇಕೆಂಬುದನ್ನು ವಿಜ್ಞಾನಕ್ಕೆ ತೋರಿಸಿದುದು ಊರು. ಎರಡರಲ್ಲಿ ಯಾವುದನ್ನು ಕಳೆದರೂ ಬಿದಿರಿನ ಕಥೆ ನಿಲ್ಲದು.

ಇನ್ನು ಘಟ್ಟದ ಕನ್ನಡದಲ್ಲಿ ಕಾಡಿಗೆ ಇರುವ ಹೆಸರುಗಳನ್ನು ನೋಡಬೇಕು. ಕಾನು, ಹಾಡಿ, ಬೇಣ, ಹಕ್ಕಲು, ಸೊಪ್ಪಿನಬೆಟ್ಟ, ಕುಮರಿ, ಜಡ್ಡಿ, ಕೊಡಗಿನ ಬಾಣೆ, ದೇವರಕಾಡು, ಕರಾವಳಿಯ ಬನ: ಇವು ಪರ್ಯಾಯಪದಗಳಲ್ಲ. ಒಂದೊಂದಕ್ಕೂ ಒಂದೊಂದು ಬಗೆಯ ನೆಲ, ಒಂದೊಂದು ಬಗೆಯ ಹಕ್ಕು, ಒಂದೊಂದು ಬಗೆಯ ನಿಷೇಧ ಉಂಟು. ಮಳೆಗಾಡಿನ ಸಿರಿಯು ಮಣ್ಣಿನಲ್ಲಿರುವುದಕ್ಕಿಂತ ಹೆಚ್ಚಾಗಿ ಮರದಲ್ಲಿರುವುದು. ಬಿದ್ದ ಎಲೆ ಬೇಗ ಕೊಳೆತು ಬೇಗ ಬೇರಿಗೆ ಸೇರುವುದು. ಮೇಲಣ ಹಂದರ ಹೋಯಿತೆಂದರೆ ಮಳೆಗೆ ಸಾರವೆಲ್ಲ ಕೊಚ್ಚಿ ಹೋಗಿ ಜಂಬಿಟ್ಟಿಗೆ ಮಾತ್ರ ಉಳಿಯುವುದು. ಸಸ್ಯಶಾಸ್ತ್ರವು ಹೀಗೆಂದು ವಿವರಿಸುವುದಕ್ಕೆ ಎಷ್ಟೋ ಮುಂಚೆ ಉತ್ತರ ಕನ್ನಡದ ತೋಟಿಗನು ಬೆಟ್ಟದ ಸೊಪ್ಪನ್ನು ತಂದು ಅಡಕೆಯ ಬುಡಕ್ಕೆ ಹಾಕುವುದನ್ನು ಕಲಿತಿದ್ದನು. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟದ ಸೌಲಭ್ಯವನ್ನು ಬ್ರಿಟಿಷ್ ಸರ್ಕಾರವೂ ಒಪ್ಪಬೇಕಾಯಿತು. ಸೊಪ್ಪಿನಬೆಟ್ಟಗಳೆಲ್ಲ ಚೆನ್ನಾಗಿ ಉಳಿದಿವೆಯೆಂದು ಮಾತ್ರ ಹೇಳಲಾಗದು. ವರ್ಷವರ್ಷವೂ ತಲೆ ಸವರಿಸಿಕೊಂಡ ಮರ ಬೀಜ ಕಟ್ಟದು, ಬುಡದಲ್ಲಿ ಸಸಿ ಏಳದು. ಹಾಗೆ ಬೋಳಾದ ಬೆಟ್ಟಗಳನ್ನು ಯಾರೂ ಕಾಣಬಹುದು. ಎಷ್ಟು ಸವರಿದರೆ ಬೆಟ್ಟ ತಾಳಿಕೊಳ್ಳುವುದೆಂಬ ಪ್ರಶ್ನೆಗೆ ಅಜ್ಜನ ಕಾಲದ ಅಂದಾಜು ಈಗ ಸಾಲದು. ಅಲ್ಲಿ ಅಳತೆ ಬೇಕೇ ಬೇಕು.

‘ಕಾನು’ ಎಂಬ ಶಬ್ದಕ್ಕೂ ಸಂಸ್ಕೃತದ ‘ಕಾನನ’ಕ್ಕೂ ಇರುವ ನೆಂಟಸ್ತಿಕೆಯ ವಿಚಾರವನ್ನು ಭಾಷಾಶಾಸ್ತ್ರಜ್ಞರಿಗೆ ಬಿಡುವೆನು. ಮಲೆನಾಡಿನವನ ಬಾಯಲ್ಲಿ ಅದು ಯಾವುದೋ ಕಾಡಲ್ಲ. ಕೊಡಲಿ ಹಾಕದೆ ಉಳಿಸಿಕೊಂಡ, ನೀರಿನ ಸೆಲೆಯುಳ್ಳ, ಮೆಣಸಿನ ಬಳ್ಳಿ ಹಬ್ಬಿದ, ಬಹುಮಟ್ಟಿಗೆ ದೇವರೊಂದರ ಕಾಪಿರುವ ಹಸುರುಗಾಡು. ೧೮೬೮ರಲ್ಲಿ ಬ್ರಾಂಡಿಸ್, ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಮೇಲೆಯೇ ಪ್ರತ್ಯೇಕವಾದ ವರದಿಯನ್ನು ಬರೆದರು. ಶಬ್ದವನ್ನು ಇದ್ದಂತೆಯೇ ಬಳಸಿದರು. ಅದಕ್ಕೂ ಮುಂಚೆ, ಶ್ರೀರಂಗಪಟ್ಟಣದ ಪತನಾನಂತರ ಕಂಪನಿ ಸರ್ಕಾರದ ಅಪ್ಪಣೆಯಿಂದ ೧೮೦೦-೦೧ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಉತ್ತರ ಕನ್ನಡದ ಕಾಡುಗಳು ಊರದೇವರುಗಳ ಸ್ವತ್ತೆಂಬ ಮಾತನ್ನು ಕೇಳಿ ಬರೆದುಕೊಂಡನು. ಸರ್ಕಾರವು ಕಾಡಿನ ಮೇಲೆ ಹಕ್ಕು ಹೂಡದಂತೆ ಮಾಡಿಕೊಂಡ ಉಪಾಯವಿದೆಂದು ಒಡನೆಯೇ ಸಂಶಯಪಟ್ಟನು. ಬುಕಾನನ್ ಒಳ್ಳೆಯ ಸಸ್ಯಶಾಸ್ತ್ರಜ್ಞ. ಅವನ ಕಣ್ಣು ಮರವನ್ನು ತಪ್ಪಿಲ್ಲದೆ ಕಂಡಿತು. ಮರಕ್ಕೂ ಊರಿಗೂ ನಡುವಣ ಕಟ್ಟಳೆ ಮಾತ್ರ ಅವನಿಗೆ ಕಂದಾಯದ ವಿಷಯವಾಗಿ ಕಂಡಿತು. ಅವನು ಪೂರ್ತಿ ತಪ್ಪಿದನೆಂದೂ ಹೇಳಲಾರೆ. ದೇವರ ಹೆಸರಿನಲ್ಲಿ ಕಾಡನ್ನು ಅರಸನಿಂದ ಕಾಪಾಡಿಕೊಂಡಿದ್ದರೆ ಅದು ಜಾಣತನವೇ ಹೊರತು ಮೋಸವಲ್ಲ.

ಆ ಕಟ್ಟಳೆ ಏನನ್ನು ಉಳಿಸಿತೆಂಬುದು ತಿಳಿಯಲು ಇನ್ನೂರು ವರ್ಷ ಹಿಡಿಯಿತು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ, ಅಂದರೆ ಅಲ್ಲಿಯವರು ಜಡ್ಡಿಯೆನ್ನುವ ನೆಲದಲ್ಲಿ, ಕಾಡುಜಾಯಿಯ ಮರಗಳು ಮಂಡಿಯಂತೆ ಬಾಗಿದ ಉಸಿರುಬೇರುಗಳನ್ನು ನೀರಿನ ಮೇಲೆತ್ತಿ ನಿಂತಿರುವುವು. ಬಹು ಪ್ರಾಚೀನವಾದ ವೃಕ್ಷಸಮುದಾಯದ ಉಳಿಕೆಯಿದು. ತಿರುವಾಂಕೂರಿನ ಕಡೆಯದೆಂದೇ ತಿಳಿದಿದ್ದ ನೇರಿಲೆಯ ಜಾತಿಯ ಮರವೊಂದೂ ಇಲ್ಲಿ ಸಿಕ್ಕಿತು. ೨೦೦೦ದಲ್ಲಿ ಗೇರಿನ ಬಳಗಕ್ಕೆ ಸೇರಿದ ಹೊಸ ವೃಕ್ಷವೊಂದನ್ನು ಇಲ್ಲಿಂದಲೇ ಲೋಕಕ್ಕೆ ಪರಿಚಯಪಡಿಸಿ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಿಟ್ಟರು. ಆ ಲ್ಯಾಟಿನ್ ನಾಮದೊಳಗೆ ನಮ್ಮ ಕತ್ತಲೆಯೂ ಇದೆ, ಕಾನೂ ಇದೆ. ವಿಜ್ಞಾನಕ್ಕೆ ಊರಿನ ಶಬ್ದವನ್ನು ಒಳಗೆ ಬಿಟ್ಟುಕೊಳ್ಳುವುದು ಅಶಕ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಎರಡನೆಯ ವರದಿಗೆ ಬರೋಣ. ಕಸ್ತೂರಿರಂಗನ್ ಅವರು ಬಾಹ್ಯಾಕಾಶ ಶಾಸ್ತ್ರದಲ್ಲಿ ಪ್ರಖ್ಯಾತರಾದವರು. ಅವರ ಸಮಿತಿಯ ವರದಿಯಲ್ಲಿ ನೋಟವು ಆಕಾಶದಿಂದ ಇಳಿದುಬಂದುದು ಸಹಜವೇ. ಹಿಂದಿನವರ ಒಂಬತ್ತು ಕಿಲೋಮೀಟರಿನ ಚೌಕಕ್ಕೆ ಪ್ರತಿಯಾಗಿ ಇವರಿಗೆ ಉಪಗ್ರಹಚಿತ್ರದಲ್ಲಿ ಸುಮಾರು ೨೪ ಮೀಟರು ಉದ್ದಗಲದ ನೆಲವು ಒಂದೊಂದು ಚುಕ್ಕೆಯಾಯಿತು. ತಾಲ್ಲೂಕಿನ ಬದಲು ಗ್ರಾಮವನ್ನು ಘಟಕವಾಗಿಟ್ಟುಕೊಂಡರು. ಇದು ನಿಸ್ಸಂಶಯವಾಗಿ ಸುಧಾರಣೆ. ಘಟ್ಟವು ೧,೬೪,೨೮೦ ಚದರ ಕಿಲೋಮೀಟರೆಂದು ಗಣಿಸಿ, ಅದರಲ್ಲಿ ಶೇಕಡ ೩೭ನ್ನು, ಅಂದರೆ ಹತ್ತಿರ ಹತ್ತಿರ ೬೦,೦೦೦ ಚದರ ಕಿಲೋಮೀಟರನ್ನು, ಸೂಕ್ಷ್ಮ ಪ್ರದೇಶವೆಂದರು. ಗ್ರಾಮಗಳ ಪಟ್ಟಿಯನ್ನೇ ಕೊಟ್ಟರು: ಒಟ್ಟು ೪,೧೫೬, ಅವುಗಳಲ್ಲಿ ಕರ್ನಾಟಕದವು ೧,೫೭೬. ಗಣಿ, ಕಲ್ಲುಕೋರೆ, ಮರಳುಗಾರಿಕೆ, ಶಾಖೋತ್ಪನ್ನ ವಿದ್ಯುತ್ತು, ಅತಿ ಮಾಲಿನ್ಯದ ಕೈಗಾರಿಕೆ, ೨೦,೦೦೦ ಚದರ ಮೀಟರನ್ನು ಮೀರಿದ ಕಟ್ಟಡ, ಇವಿಷ್ಟನ್ನು ನಿಷೇಧಿಸಿ ಉಳಿದುದನ್ನು ಬಹುಮಟ್ಟಿಗೆ ಬಿಟ್ಟರು. ಕಾಯಿದೆಯ ದೃಷ್ಟಿಯಿಂದ ಇದು ಹೆಚ್ಚು ನಿಷ್ಕೃಷ್ಟವಾದ ಬರೆಹ, ನಿಷೇಧಗಳೂ ಮಿತವಾದುವು.

ಆದರೆ ಈ ಗ್ರಂಥದ ತಳಹದಿಯಾದ ಒಂದು ವಿಭಾಗಕ್ರಮವು ವಿಚಾರಕ್ಕೆ ನಿಲ್ಲದು. ಘಟ್ಟವನ್ನು ಇವರು ‘ನೈಸರ್ಗಿಕ ಭೂದೃಶ್ಯ’, ‘ಸಾಂಸ್ಕೃತಿಕ ಭೂದೃಶ್ಯ’ ಎಂದು ಇಬ್ಭಾಗ ಮಾಡಿದರು: ಶೇಕಡ ೪೦ರಷ್ಟು ಮೊದಲನೆಯದು; ಊರು, ಗದ್ದೆ, ತೋಟಗಳ ಮಿಕ್ಕ ೬೦ ಎರಡನೆಯದು. ಕತ್ತಲೆಕಾನು ಇವೆರಡರಲ್ಲಿ ಯಾವುದು? ಅದು ನಿಸರ್ಗದ್ದೆಂಬುದಕ್ಕೆ ಕಾಡುಜಾಯಿಯೇ ಸಾಕ್ಷಿ. ಸಂಸ್ಕೃತಿಯದೆಂಬುದಕ್ಕೆ ಅದರ ಹೆಸರೇ ಸಾಕ್ಷಿ. ಸೊಪ್ಪಿನಬೆಟ್ಟ ಯಾವುದು? ಕಾಡುಮರಗಳ ನೆರಳನ್ನುಳಿಸಿಕೊಂಡು ಕಾಫಿ ಬೆಳೆದ ಕೊಡಗಿನ ಬಾಣೆ ಯಾವುದು? ಘಟ್ಟದಲ್ಲಿ ವಿಶೇಷವಾದುದೆಲ್ಲ ಇರುವುದು ಈ ಎರಡು ಹೆಸರುಗಳ ನಡುವಣ ಸಂದಿನಲ್ಲಿ. ಚುಕ್ಕೆ ಚಿಕ್ಕದಾದ ಮಾತ್ರಕ್ಕೆ ನೋಟ ಸೂಕ್ಷ್ಮವಾಗದು. ಹತ್ತು ಗುಂಟೆಯ ನಾಗಬನವೊಂದು ಆ ಚಿತ್ರದಲ್ಲಿ ಎರಡು ಚುಕ್ಕೆಯೂ ಆಗದು. ಅಲ್ಲದೆ, ಗ್ರಾಮದ ನೆಲದಲ್ಲಿ ಶೇಕಡ ೨೦ ಅಥವಾ ಹೆಚ್ಚಿನ ಭಾಗ ಜೀವಸಮೃದ್ಧವಾದ ನೈಸರ್ಗಿಕ ಭೂದೃಶ್ಯವಾಗಿದ್ದರೆ ಗ್ರಾಮವೆಲ್ಲವೂ ಸೂಕ್ಷ್ಮ. ೧೯ ಆದರೆ ಯಾವುದೂ ಅಲ್ಲ. ಗೆರೆ ಎಲ್ಲಾದರೂ ಎಳೆಯಲೇ ಬೇಕಲ್ಲವೆಂದರೆ ನಿಜವೇ. ಆದರೆ ಎಳೆದ ಗೆರೆಯನ್ನು ಊರವನು ಯಾವ ಮರದ ಬುಡದಲ್ಲಿ ನಿಂತು ನೋಡಬೇಕು? ಗಾಡ್ಗೀಳರು ೨೦೧೩ರಲ್ಲಿಯೇ ಬಹಿರಂಗ ಪತ್ರದಲ್ಲಿ, ಆರ್ಥಿಕ ನಿರ್ಣಯಗಳಲ್ಲಿ ಸ್ಥಳೀಯರಿಗೆ ಪಾತ್ರವಿಲ್ಲವೆಂಬ ಭಾವ ಈ ವರದಿಯಲ್ಲಿರುವುದೆಂದು ಖಂಡಿಸಿದರು. ಖಂಡನೆ ನ್ಯಾಯವಾದುದು, ತಮ್ಮ ಕೋಷ್ಟಕದ ಮೇಲೂ ಅದರ ನೆರಳು ಬೀಳುವುದನ್ನು ಅವರು ಗಣಿಸಿದಂತೆ ತೋರದು.

ಸಾಹಿತ್ಯವನ್ನು ಬೋಧಿಸುವ ನಮಗೆ ಪರಿಚಿತವಾದ ಗ್ರಂಥವೊಂದರಲ್ಲಿ ಇದೇ ಪ್ರಶ್ನೆ ಬೇರೆ ಬಗೆಯಾಗಿ ವಿಚಾರಿಸಲ್ಪಟ್ಟಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಕಾದಂಬರಿಯನ್ನು ವಿಸ್ಮಯದ ಶೋಧವೆಂದು ಹೊಗಳುವುದು ವಾಡಿಕೆ. ತರಗತಿಯಲ್ಲಿ ಅದನ್ನು ಹಾಗೆ ಹೇಳಿಮುಗಿಸುವುದು ಸುಲಭ. ಆದರೆ ಆ ಕಥೆಯ ಕೀಲು ಬೇರೊಂದು ಕಡೆ ಇದೆ. ಊರವರ ಎಣಿಕೆಯಲ್ಲಿ ಕೆಲಸಕ್ಕೆ ಬಾರದವನಾದ ಮಂದಣ್ಣನು ಹಾರುವ ಓತಿಯನ್ನು ಕಂಡಿದ್ದಾನೆ. ಕಂಡುದರ ಬೆಲೆ ಅವನಿಗೆ ಗೊತ್ತಿಲ್ಲ. ಬೆಲೆ ಬಲ್ಲ ವಿಜ್ಞಾನಿ ಕರ್ವಾಲೊ ಅದನ್ನು ಕಂಡಿಲ್ಲ. ಮಂದಣ್ಣನ ಕಣ್ಣು ಬೇಕಾದರೆ ಮಂದಣ್ಣನು ಪೂರ್ತಿಯಾಗಿ ಬೇಕು. ಅವನ ಮದುವೆ, ಅವನ ನೌಕರಿಯ ಆಸೆ, ಅವನ ಮೊಕದ್ದಮೆ ಎಲ್ಲವೂ ಶೋಧದೊಳಕ್ಕೆ ನುಗ್ಗುವುವು. ಕರ್ವಾಲೊ ಇವನ್ನು ಅಡಚಣೆಯೆಂದು ಬದಿಗಿಡುವುದಿಲ್ಲ. ಕೊನೆಯಲ್ಲಿ ಓತಿಯು ಯಾರ ಕೈಗೂ ಸಿಕ್ಕದೆ ಕಣಿವೆಯೊಳಕ್ಕೆ ತೇಲಿ ಹೋಗುವುದು. ವಿಜ್ಞಾನಿಯ ಪಾತ್ರವನ್ನು ತೇಜಸ್ವಿಯವರು ಸ್ವಲ್ಪ ಹೆಚ್ಚಾಗಿಯೇ ಋಷಿಯಂತೆ ಚಿತ್ರಿಸಿದರೆಂಬ ಆಕ್ಷೇಪಕ್ಕೆ ಎಡೆಯುಂಟು. ಅದು ಹಾಗಿರಲಿ. ಸಮಿತಿಗಳ ಬರೆಹದಲ್ಲಿ ಸ್ಥಳೀಯನು ಸಮಾಲೋಚಿಸಲ್ಪಡತಕ್ಕವನು. ಈ ಕಾದಂಬರಿಯಲ್ಲಿ ಅವನು ಕಾಣುವವನು. ಎರಡಕ್ಕೂ ಅಂತರ ಬಹಳ.

ಕಾರಂತರ ‘ಬೆಟ್ಟದ ಜೀವ’ (೧೯೪೩) ಇನ್ನೊಂದು ಪಕ್ಷವನ್ನು ನಮ್ಮ ಮುಂದಿಡುವುದು. ಅಲ್ಲಿಯ ಗೋಪಾಲಯ್ಯನವರು ಕುಮಾರಪರ್ವತದ ಮಗ್ಗುಲಿನ ಕಾಡನ್ನು ಕಡಿದು ತೋಟ ಮಾಡಿದವರು. ಆ ಕಡಿತವು ಕಾದಂಬರಿಯಲ್ಲಿ ಪೌರುಷ, ಛಲ, ಒಂದು ಬಗೆಯ ತಪಸ್ಸು. ಅಂಥವರ ಮೊಮ್ಮಕ್ಕಳಿಗೆ, ನಿಮ್ಮ ನೆಲ ಇಂದಿನಿಂದ ಸೂಕ್ಷ್ಮ ಪ್ರದೇಶವೆಂದು ಪಟ್ಟಿಯೊಂದರಲ್ಲಿ ಸಂಖ್ಯೆ ಹಾಕಿ ತಿಳಿಸಿದರೆ, ಅಜ್ಜನ ಬಾಳನ್ನೇ ಅಪರಾಧವೆಂದಂತೆ ಕೇಳಿಸುವುದು. ಮಲೆನಾಡಿನಲ್ಲಿ ಎರಡು ವರದಿಗಳಿಗೂ ಬಂದ ವಿರೋಧದಲ್ಲಿ ಕಲ್ಲುಕೋರೆಯ, ರೆಸಾರ್ಟಿನ ಒಡೆಯರು ರೈತರ ಹಿಂದೆ ನಿಂತು ಕೂಗಿದುದುಂಟು; ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಕೂಗೆಲ್ಲವೂ ಅವರದೇ ಎಂದುಕೊಂಡರೆ ನಾವು ಕಾರಂತರನ್ನು ಓದಿದುದು ವ್ಯರ್ಥ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಎರಡನೆಯ ವರದಿಯನ್ನು ಆಧರಿಸಿ ಕೇಂದ್ರ ಸರ್ಕಾರವು ೨೦೧೪ರ ಮಾರ್ಚಿಯಲ್ಲಿ ಮೊದಲನೆಯ ಕರಡು ಅಧಿಸೂಚನೆಯನ್ನು ಹೊರಡಿಸಿತು. ಕೇರಳದ ಆಕ್ಷೇಪದಿಂದ ಸ್ವಲ್ಪ ಇಳಿದು ಪ್ರದೇಶವು ೫೬,೮೨೫ ಚದರ ಕಿಲೋಮೀಟರಾಗಿತ್ತು, ಅದರಲ್ಲಿ ಕರ್ನಾಟಕದ್ದು ೨೦,೬೬೮. ಕರಡು ಮತ್ತೆ ಮತ್ತೆ ಹೊರಟಿತು. ಆರನೆಯದು ೨೦೨೪ರ ಜುಲೈ ೩೧ರಂದು. ಅದರ ಹಿಂದಿನ ದಿನವೇ ವಯನಾಡಿನಲ್ಲಿ ಗುಡ್ಡ ಕುಸಿದು ಊರುಗಳು ಕೊಚ್ಚಿಹೋಗಿದ್ದುವು. ಅದಕ್ಕೆ ಎರಡು ವಾರ ಮುಂಚೆ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಿತ್ತು. ಕೊಡಗಿನ ೨೦೧೮ರ ಆಗಸ್ಟನ್ನು ಯಾರೂ ಮರೆತಿರಲಿಲ್ಲ. ಆದರೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವಸಂಪುಟವು ಕಸ್ತೂರಿರಂಗನ್ ವರದಿಯನ್ನು ಒಪ್ಪಲಾಗದೆಂದು ನಿರ್ಣಯಿಸಿತು. ಇಳಿಜಾರಿನ ಅಂಕಗಳು ಮೊದಲನೆಯ ವರದಿಯ ಚೌಕಗಳಲ್ಲಿ ೨೦೧೧ರಿಂದಲೂ ಇದ್ದುವು. ಮನೆ ಕಟ್ಟುವವನಿಗೆ, ಇಳಿಜಾರಿನ ಬುಡವನ್ನು ಯಂತ್ರದಿಂದ ಕೊರೆದು ನೆಲ ಸಮತಟ್ಟು ಮಾಡುವವನಿಗೆ, ಆ ಅಂಕ ತನ್ನ ಗುಡ್ಡದ ಹೆಸರಿನೊಡನೆ ತನ್ನ ನುಡಿಯಲ್ಲಿ ತಲುಪಿತೆ ಎಂಬುದೇ ಪ್ರಶ್ನೆ.

ಇದನ್ನೆಲ್ಲ ಕೆಳಗಿನಿಂದ ಕಟ್ಟುವುದಕ್ಕೆ ಕಾಯಿದೆಯಲ್ಲಿ ಒಂದು ಸಾಧನವಿಲ್ಲದಿಲ್ಲ. ೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪಂಚಾಯಿತಿಗೊಂದು ಸಮಿತಿ, ಸಮಿತಿಗೊಂದು ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಗಾಡ್ಗೀಳರೂ ಅವರ ಸಂಗಡಿಗರೂ ಕಾಯಿದೆಗೆ ಮುಂಚೆಯೇ ಹಳ್ಳಿಗಳಲ್ಲಿ ಪ್ರಯೋಗಮಾಡಿ ರೂಪಿಸಿದ ಕಲ್ಪನೆಯಿದು. ವರ್ಷಗಟ್ಟಲೆ ಕೆಲಸ ಸಾಗದಿರಲು, ಹಸುರು ನ್ಯಾಯಾಧಿಕರಣವು ೨೦೨೦ನೆಯ ಇಸವಿ ಜನವರಿ ೩೧ರೊಳಗೆ ಮುಗಿಯಬೇಕೆಂದು ಗಡುವು ಹಾಕಿ, ತಪ್ಪಿದರೆ ತಿಂಗಳಿಗೆ ಹತ್ತು ಲಕ್ಷ ರೂಪಾಯಿ ತೆರಬೇಕೆಂದಿತು. ಆಮೇಲೆ ದೇಶದಲ್ಲಿ ಎರಡೂವರೆ ಲಕ್ಷಕ್ಕೆ ಮೇಲ್ಪಟ್ಟು ದಾಖಲೆಗಳು ಸಿದ್ಧವಾದುವು. ಗಡುವಿನ ಭಯದಿಂದ ಹುಟ್ಟಿದ ಗ್ರಂಥರಾಶಿಯ ಗುಣವನ್ನು ವಾಚಕರು ಊಹಿಸಬಲ್ಲರು. ಒಂದೂರಿನ ಪಟ್ಟಿಯೇ ಮತ್ತೊಂದೂರಿನದೂ ಆಗುವುದು ಇಂಥ ಕಡೆ ದೊಡ್ಡ ಆಶ್ಚರ್ಯವಲ್ಲ.

ಆ ದಾಖಲೆಯ ನಮೂನೆಯಲ್ಲಿ ಸಸ್ಯಪ್ರಾಣಿಗಳ ಶಾಸ್ತ್ರೀಯ ನಾಮದ ಪಕ್ಕದಲ್ಲಿ ‘ಸ್ಥಳೀಯ ಹೆಸರು’ ಎಂಬ ಅಂಕಣವೊಂದುಂಟು. ಸಸ್ಯಶಾಸ್ತ್ರದವರು ಮೊದಲನೆಯದನ್ನು ತುಂಬಬಲ್ಲರು. ಎರಡನೆಯದಕ್ಕೆ ಸೊರಬದಲ್ಲಿ, ಸಿದ್ದಾಪುರದಲ್ಲಿ, ತೀರ್ಥಹಳ್ಳಿಯಲ್ಲಿ, ಮಡಿಕೇರಿಯಲ್ಲಿ ಕನ್ನಡವನ್ನು ಕಲಿಸುವ ಅಧ್ಯಾಪಕರೂ ಅವರ ವಿದ್ಯಾರ್ಥಿಗಳೂ ಹೊರಡಬೇಕು. ಬರಿಯ ಹೆಸರು ಸಾಲದು. ಯಾವುದನ್ನು ಕಾನೆನ್ನುವರು, ಯಾವುದನ್ನು ಹಾಡಿಯೆನ್ನುವರು, ಎಲ್ಲಿಂದ ಎಲ್ಲಿಯವರೆಗೆ, ಯಾರಿಗೆ ಸೊಪ್ಪು, ಯಾರಿಗೆ ಮೆಣಸು, ಯಾವ ಮರಕ್ಕೆ ಕತ್ತಿ ತಾಗಿಸಬಾರದು, ಯಾವ ಗುಡ್ಡದಲ್ಲಿ ಹಿಂದೊಮ್ಮೆ ಮಣ್ಣು ಜಾರಿತ್ತು ಎಂಬುದನ್ನು ಹಿರಿಯರಿಂದ ಕೇಳಿ, ಕೇಳಿದ ಊರನ್ನೂ ತಾರೀಖನ್ನೂ ಹಾಕಿ ಬರೆಯಬೇಕು. ಮೊದಲನೆಯ ವರದಿಯ ಪ್ರಬಂಧಭಾಗವನ್ನು ಹೀಗೆ ಸಂಗ್ರಹವಾದ ಶಬ್ದಗಳಿಂದ ಕನ್ನಡಿಸಿ, ತಾಲ್ಲೂಕು ತಾಲ್ಲೂಕಿಗೆ ಅದರದೇ ಚೌಕಗಳ ಅಂಕಗಳೊಡನೆ ಅಚ್ಚುಮಾಡಿಸಬಹುದು. ಕೋಷ್ಟಕವಿರುವ ಪುಟಗಳನ್ನು ಖಾಲಿಯಾಗಿ ಬಿಟ್ಟು ಗ್ರಾಮಸಭೆಗೆ ಕಳಿಸುವುದು ಲೇಸು.